ಸಹಾಯ ಬೇಕು: ಮೊದಲ ಫಿಲ್ಮ್ ಕ್ಯಾಮೆರಾ ಯಾವುದು ತಗೊಳ್ಳೋದು?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ಫಿಲ್ಮ್‌ನಲ್ಲೇ ಫೋಟೋಗ್ರಫಿ ಕಲಿಯೋ ಆಸೆ. ಇದುವರೆಗೆ ಮೊಬೈಲ್ ಬಿಟ್ಟು ಬೇರೇನೂ ಹಿಡಿದವಳಲ್ಲ. ಸೆಕೆಂಡ್ ಹ್ಯಾಂಡ್ 35 ಎಂಎಂ ಎಸ್‌ಎಲ್‌ಆರ್ (ಲೆನ್ಸ್ ಮೂಲಕವೇ ನೋಡಿ ಫೋಟೋ ತೆಗೆಯೋ ಕ್ಯಾಮೆರಾ) ಸಾಕು, ಬಜೆಟ್ 12 ಸಾವಿರದೊಳಗೆ.

ನನ್ನ ಮನಸ್ಸು ಪೆಂಟಾಕ್ಸ್ ಕೆ1000 ಕಡೆಗಿದೆ. 1976ರಲ್ಲಿ ಬಂದ ಮಾಡೆಲ್, ಶಟರ್ (ಫಿಲ್ಮ್ ಮೇಲೆ ಬೆಳಕು ಬಿಡೋ ಪರದೆ) ಪೂರ್ತಿ ಮೆಕ್ಯಾನಿಕಲ್. ಬ್ಯಾಟರಿ ಹೋದ್ರೆ ಬೆಳಕು ಅಳೆಯೋ ಲೈಟ್ ಮೀಟರ್ ಮಾತ್ರ ನಿಲ್ಲುತ್ತೆ, ಫೋಟೋ ತೆಗೀಬಹುದು. ಶಟರ್ ಸ್ಪೀಡ್, ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿಯ ಅಗಲ) ಎರಡನ್ನೂ ಕೈಯಾರೆ ತಿರುಗಿಸಿ ವ್ಯೂಫೈಂಡರ್ ಒಳಗಿನ ಮೀಟರ್ ಮುಳ್ಳನ್ನ ನಡುವಿಗೆ ತರ್ಬೇಕು. ಕಲಿಯೋರಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ ಅಂತ ನನಗನ್ಸುತ್ತೆ. ಕ್ಯಾನನ್ ಎಇ-1 ಕೂಡ ಚೆನ್ನಾಗಿದೆ, ಆದ್ರೆ ಬ್ಯಾಟರಿ ಇಲ್ದೆ ಅದರ ಶಟರ್ ಓಡಲ್ಲ.

ಬೆಂಗಳೂರಲ್ಲಿ ಒಬ್ರ ಹತ್ರ 50 ಎಂಎಂ ಲೆನ್ಸ್ ಸಮೇತ ಒಂದು ಕೆ1000 ನೋಡಿದೆ. ಲೆನ್ಸಲ್ಲಿ ಫಂಗಸ್ ಇಲ್ಲ. ಹಿಂದಿನ ಬಾಗಿಲು ತೆಗೆದ್ರೆ ಅಂಚಿನ ಕಪ್ಪು ಸ್ಪಂಜು ಟಾರಿನ ಥರ ಬೆರಳಿಗೆ ಅಂಟ್ಕೊಂತು. ಹಾಗೇ ಬಿಟ್ರೆ ಬೆಳಕು ಸೋರಿ ರೋಲ್ ಹಾಳಾಗುತ್ತೆ.

ಈ ಸ್ಪಂಜನ್ನ ಬದಲಾಯಿಸಿ ಕೊಡೋ ನಂಬಿಕಸ್ತ ರಿಪೇರಿಯವರು ಬೆಂಗಳೂರು, ಮೈಸೂರು ಕಡೆ ಇದ್ದಾರಾ? 1/1000 ಸೆಕೆಂಡಿನ ಶಟರ್ ಸ್ಪೀಡ್ ಸರಿಯಾಗಿ ಓಡುತ್ತಾ ಅಂತ ರೋಲ್ ಹಾಕದೇ ನೋಡೋದು ಹೇಗೆ? ಕಲರ್ ರೋಲ್ ದುಬಾರಿ, ಹಾಗಾಗಿ ಬ್ಲ್ಯಾಕ್ ಆ್ಯಂಡ್ ವೈಟ್‌ನಿಂದ ಶುರು ಮಾಡಿಸಿ ಮನೇಲೇ ಡೆವಲಪ್ ಮಾಡೋದು ಹೇಳಿಕೊಡ್ಬೇಕು ಅಂತಿದೀನಿ. ಕೆಮಿಕಲ್ ಎಲ್ಲಿ ತರ್ತೀರಿ? ಬಳಸಿರೋರು ದಯವಿಟ್ಟು ತಿಳಿಸಿ.