ಹಳೆಯ ದಾಖಲೆಗಳ ಟಿಪ್ಪಣಿಯಲ್ಲಿ ‘ಅನ್‌ಕ್ಲಿಯರ್’ ಬದಲು ಯಾವ ಇಂಗ್ಲಿಷ್ ಪದ ಬಳಸಬೇಕು?

ಪ್ರಶ್ನೆ (ಕಡತದ ಧೂಳು)

ಹಳೆಯ ಪತ್ರ, ಕ್ರಯಪತ್ರ ಮತ್ತು ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡಿ, ಪ್ರತಿಯೊಂದರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದೆರಡು ವಾಕ್ಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಶಾಯಿ ಮಾಸಿದ್ದರೂ, ಮೊಹರು ಕಲಸಿಹೋಗಿದ್ದರೂ, ಫೋಟೊ ಮಬ್ಬಾಗಿದ್ದರೂ, ಒಕ್ಕಣೆಯ ಅರ್ಥವೇ ಆಗದಿದ್ದರೂ ನಾನು ಬರೆಯುವುದು ‘ಅನ್‌ಕ್ಲಿಯರ್’ ಎಂದು ಮಾತ್ರ. ನಿಘಂಟಿನಲ್ಲಿ ಬ್ಲರ್ಡ್, ಫೇಂಟ್, ಡಿಮ್, ಅಬ್‌ಸ್ಕ್ಯೂರ್, ವೇಗ್, ಆಂಬಿಗ್ಯುಯಸ್ ಎಂದು ಸಾಲುಸಾಲು ಪದಗಳು ಸಿಗುತ್ತವೆ. ಆದರೆ ಹೆಚ್ಚಿನವಕ್ಕೆ ‘ಅಸ್ಪಷ್ಟ’ ಎಂಬ ಅರ್ಥವನ್ನೇ ಕೊಟ್ಟಿರುವುದರಿಂದ ಯಾವುದನ್ನು ಆರಿಸಬೇಕೆಂದು ತಿಳಿಯುತ್ತಿಲ್ಲ. ದೂರದ ಸಂಶೋಧಕರು ಮೂಲವನ್ನು ನೋಡದೆ ಈ ಟಿಪ್ಪಣಿಯನ್ನೇ ನಂಬುತ್ತಾರಾದ್ದರಿಂದ, ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನಿವೃತ್ತ ಇಂಗ್ಲಿಷ್ ಮೇಷ್ಟ್ರು)

ಅಡ್ಡಿ ಎಲ್ಲಿದೆ ಎಂದು ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಬರಹವೇ ತೆಳುವಾಗಿ, ಕಣ್ಣಿಗೆ ಅಷ್ಟಾಗಿ ಹತ್ತದಿದ್ದರೆ ಅದು ‘ಫೇಂಟ್’. ಸೀಸದಕಡ್ಡಿಯಿಂದ ಹಗುರವಾಗಿ ಬರೆದ ಅಕ್ಷರಗಳು ಬರೆದ ದಿನವೇ ಫೇಂಟ್ ಆಗಿದ್ದಿರಬಹುದು. ‘ಫೇಡೆಡ್’ ಎಂದರೆ ಮಾತು ಬೇರೆ. ಒಂದು ಕಾಲಕ್ಕೆ ಗಾಢವಾಗಿದ್ದದ್ದು ಈಗ ಬಣ್ಣಗೆಟ್ಟಿದೆ ಎಂಬ ಇತಿಹಾಸವನ್ನು ಆ ಪದ ಹೇಳಿಬಿಡುತ್ತದೆ. ಕಬ್ಬಿಣದ ಲವಣ ಮತ್ತು ಮಾಚಿಕಾಯಿಯಿಂದ ಮಾಡುತ್ತಿದ್ದ ಹಳೆಯ ಶಾಯಿ ಕಾಲಾಂತರದಲ್ಲಿ ಕಂದು ಬಣ್ಣಕ್ಕೆ ತಿರುಗುವುದರಿಂದ ಅಲ್ಲಿ ‘ಫೇಡೆಡ್’ ಎನ್ನಲು ಆಧಾರವಿದೆ. ಆಧಾರವಿಲ್ಲದ ಕಡೆ ‘ಫೇಂಟ್’ ಎಂದಷ್ಟೇ ಬರೆಯುವುದು ಪ್ರಾಮಾಣಿಕವಾದದ್ದು. ಹಸಿ ಶಾಯಿಯ ಮೇಲೆ ಕೈ ಉಜ್ಜಿ ಕಲಸಿದ್ದರೆ ‘ಸ್ಮಜ್ಡ್’. ಅಕ್ಷರ ಚೆನ್ನಾಗಿಯೇ ಇದ್ದು, ಅದರ ಮೇಲೆ ಅಂಟುಪಟ್ಟಿಯೋ ಕಲೆಯೋ ಕುಳಿತಿದ್ದರೆ ‘ಅಬ್‌ಸ್ಕ್ಯೂರ್ಡ್’. ಯಾವುದರಿಂದ ಮರೆಯಾಗಿದೆ ಎಂಬುದನ್ನೂ ಜೊತೆಗೇ ಹೇಳಬೇಕು. ಕೊನೆಯ ‘ಡ್’ ಬಿಟ್ಟರೆ ಅರ್ಥ ಹೊರಳುತ್ತದೆ. ‘ಅಬ್‌ಸ್ಕ್ಯೂರ್’ ಕವಿ ಎಂದರೆ ಹೆಚ್ಚು ಜನರಿಗೆ ಗೊತ್ತಿಲ್ಲದವನು, ಇಲ್ಲವೇ ಸುಲಭವಾಗಿ ಅರ್ಥವಾಗದವನು.

‘ಇಲ್ಲೆಜಿಬಲ್’ ಪದವನ್ನು ಬಹಳ ಎಚ್ಚರದಿಂದ ಬಳಸಿ. ಅಚ್ಚ ಕಪ್ಪು ಶಾಯಿಯ ಬರಹವೂ ಗೀಚಿದಂತಿದ್ದರೆ ಇಲ್ಲೆಜಿಬಲ್ ಆಗಬಹುದು, ನಿಜ. ಆದರೆ ಧಾರವಾಡ, ಬೆಳಗಾವಿ ಕಡೆಯ ಹಳೆಯ ಕಾಗದಪತ್ರಗಳಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬಂದಾಗ, ನಮಗೆ ಓದಲು ಬಾರದೆಂಬ ಕಾರಣಕ್ಕೆ ಅದನ್ನು ಇಲ್ಲೆಜಿಬಲ್ ಎನ್ನುವುದು ದಾಖಲೆಗೆ ಮಾಡುವ ಅನ್ಯಾಯ. ಅಲ್ಲಿ ಲಿಪಿಯ ಹೆಸರನ್ನು ಬರೆಯಬೇಕು.

‘ಡಿಮ್’ ಬೆಳಕಿಗೆ ಸಂಬಂಧಿಸಿದ್ದು. ದೀಪ ಅಥವಾ ಕೋಣೆ ಡಿಮ್ ಆಗಿರಬಹುದು, ಶಾಯಿಗೆ ಆ ಪದ ಒಪ್ಪುವುದಿಲ್ಲ. ‘ಒಪೇಕ್’ ಎಂದರೆ ಕಾಣದ ವಸ್ತು ಎಂದು ಹಲವರು ತಿಳಿದಿದ್ದಾರೆ. ಗೋಡೆ ಒಪೇಕ್, ಆದರೂ ಎದುರಿಗೇ ಕಾಣುತ್ತದೆ. ಕಾಣದಿರುವುದು ಅದರ ಹಿಂದಿರುವುದು.

ಉತ್ತರ 2 (ಕತ್ತಲೆಕೋಣೆ)

ಮೇಷ್ಟ್ರು ಬಿಟ್ಟಿರುವ ‘ಬ್ಲರ್ಡ್’ ನನ್ನ ಕ್ಷೇತ್ರಕ್ಕೆ ಸೇರಿದ್ದು. ಅಂಚುಗಳು ಕರಗಿ ಒಂದರೊಳಗೊಂದು ಸೇರಿದಾಗ ಮಾತ್ರ ಆ ಪದ ಬಳಸಿ. ಕ್ಯಾಮೆರಾ ಅಥವಾ ಎದುರಿನ ವ್ಯಕ್ತಿ ಅಲುಗಿದ್ದರೆ ಕಲಸಾಟ ಒಂದು ದಿಕ್ಕಿಗೆ ಎಳೆದಂತಿರುತ್ತದೆ, ಅದು ‘ಮೋಷನ್ ಬ್ಲರ್’. ಮಸೂರ ಸರಿಯಾಗಿ ಹೊಂದಿಕೊಳ್ಳದಿದ್ದರೆ ‘ಔಟ್ ಆಫ್ ಫೋಕಸ್’. ‘ಫಾಗಿ’ ಮತ್ತು ‘ಫಾಗ್ಡ್’ ಎರಡನ್ನೂ ಬೆರೆಸಬೇಡಿ. ಮಡಿಕೇರಿಯ ಬೆಟ್ಟ ಫಾಗಿ ಆಗಿರಬಹುದು. ಫಿಲ್ಮ್ ಫಾಗ್ಡ್ ಆಗುವುದು ಬೇಡದ ಬೆಳಕು ಬಿದ್ದಾಗ ಅಥವಾ ಅದರ ಅವಧಿ ಮೀರಿದಾಗ. ಒಂದರಲ್ಲಿ ಮಂಜು ದೃಶ್ಯದಲ್ಲಿದೆ, ಇನ್ನೊಂದರಲ್ಲಿ ದೋಷ ಫಿಲ್ಮಿನಲ್ಲಿದೆ. ಇನ್ನು ಹವಾಮಾನ ಶಾಸ್ತ್ರದವರಿಗೆ ಗೋಚರತೆ 1,000 ಮೀಟರಿಗಿಂತ ಕಡಿಮೆಯಾದರೆ ಮಾತ್ರ ‘ಫಾಗ್’, ಅದಕ್ಕಿಂತ ತೆಳುವಾದದ್ದು ‘ಮಿಸ್ಟ್’, ನೀರಿನ ಹನಿಗಳ ಬದಲು ಧೂಳು ಅಥವಾ ಹೊಗೆಯ ಒಣ ಕಣಗಳಿಂದಾದದ್ದು ‘ಹೇಜ್’. ಫೋಟೊ ನೋಡಿ ಇಷ್ಟು ಖಚಿತವಾಗಿ ಹೇಳಲು ಯಾರಿಂದಲೂ ಆಗದು, ಹಾಗಾಗಿ ಅಲ್ಲಿ ದಿನಬಳಕೆಯ ಸಡಿಲ ಅರ್ಥದಲ್ಲಿ ‘ಹೇಜಿ’ ಎಂದರೆ ಸಾಕು.

ಕಡತದ ಧೂಳು

ಇಬ್ಬರಿಗೂ ಕೃತಜ್ಞತೆಗಳು. ಅಕ್ಷರಗಳೆಲ್ಲ ಕಂಡರೂ ಅರ್ಥ ನಿಲ್ಲದ ಕಡೆ ಏನು ಬರೆಯಬೇಕು? ಒಂದು ಕಾಗದದಲ್ಲಿ ದಿನಾಂಕ 03/04/52 ಎಂದಿದೆ. ಇನ್ನೊಂದರಲ್ಲಿ ಜಮೀನು ‘ಕೆರೆಯ ಸಮೀಪ’ ಇದೆ ಎಂದಷ್ಟೇ ಇದೆ.

ಉತ್ತರ 3 (ಕ್ರಯಪತ್ರ)

ಮೊದಲನೆಯದು ‘ಆಂಬಿಗ್ಯುಯಸ್’, ಎರಡನೆಯದು ‘ವೇಗ್’. ನಮ್ಮ ರೂಢಿಯಲ್ಲಿ ಆ ದಿನಾಂಕ ಏಪ್ರಿಲ್ 3, ಅಮೆರಿಕದ ರೂಢಿಯಲ್ಲಿ ಮಾರ್ಚ್ 4. ಶತಮಾನವನ್ನು ಬೇರೆ ಬರೆದಿಲ್ಲ. ಎಣಿಸಬಹುದಾದ ಕೆಲವು ಅರ್ಥಗಳಿದ್ದು, ಯಾವುದೆಂದು ತಿಳಿಯದಿರುವುದೇ ಆಂಬಿಗ್ಯುಯಸ್. ‘ಸಮೀಪ’ ಎಂಬುದಕ್ಕೆ ಇರುವುದು ಒಂದೇ ಅರ್ಥ, ಆದರೆ ಅದರ ಗಡಿ ಎಲ್ಲಿಯೂ ನಿಲ್ಲುವುದಿಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ ಉದಾಹರಣೆಗಳು ಇಲ್ಲಿ ನೆನಪಾಗುತ್ತವೆ. ಕುದುರೆಯನ್ನು 1,000 ಅಥವಾ 1,500 ರೂಪಾಯಿಗೆ ಮಾರುವುದಾಗಿ ಬರೆದಿದ್ದರೆ ಸಂದಿಗ್ಧತೆ ಪತ್ರದ ಮುಖದಲ್ಲೇ ಇದೆ, ಯಾವ ಬೆಲೆಯೆಂದು ತೋರಿಸಲು ಹೊರಗಿನ ಸಾಕ್ಷ್ಯ ತರುವಂತಿಲ್ಲ. ‘ನನ್ನ ಬಿಳಿ ಕುದುರೆ’ ಎಂದು ಬರೆದವನ ಬಳಿ ಎರಡು ಬಿಳಿ ಕುದುರೆಗಳಿದ್ದರೆ ಸಾಕ್ಷ್ಯ ತರಬಹುದು, ಏಕೆಂದರೆ ಬರಹದಲ್ಲಿ ತೊಡಕಿಲ್ಲ, ಲಾಯದಲ್ಲಿದೆ. ಆ ಅಧಿನಿಯಮದ ಬದಲು 2024ರ ಜುಲೈ 1ರಿಂದ ಹೊಸ ಕಾಯಿದೆ ಜಾರಿಯಲ್ಲಿದೆ. ‘ವೇಗ್’ ಎಷ್ಟು ಭಾರವಾದ ಪದವೆಂದರೆ, 2015ರಲ್ಲಿ ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ರದ್ದುಪಡಿಸುವಾಗ, ಕಿರಿಕಿರಿ, ಅನನುಕೂಲ ಮುಂತಾದ ಅದರ ಪದಗಳಿಗೆ ಗಡಿಯೇ ಇಲ್ಲವೆಂಬುದೂ ಒಂದು ಕಾರಣವಾಗಿತ್ತು. ಟಿಪ್ಪಣಿಯಲ್ಲಿ ‘ವೇಗ್’ ಎಂದು ಷರಾ ಬರೆಯುವುದಕ್ಕಿಂತ, ಮೂಲದ ಮಾತನ್ನೇ ಉದ್ಧರಣೆಯಲ್ಲಿ ಕೊಡುವುದು ಮೇಲು.

ಕಡತದ ಧೂಳು

ಕೊನೆಯದಾಗಿ, ಹಾಳೆಯ ಹಿಂಬದಿಯ ಅಕ್ಷರಗಳು ಮುಂಬದಿಯಲ್ಲಿ ಕಂಡು ಓದಿಗೆ ತೊಡಕಾಗಿದ್ದರೆ?

ಉತ್ತರ 1 (ನಿವೃತ್ತ ಇಂಗ್ಲಿಷ್ ಮೇಷ್ಟ್ರು)

ಕಾಗದ ತೆಳುವಾಗಿರುವುದರಿಂದ ಹಿಂಬದಿ ತೋರುತ್ತಿದ್ದರೆ ‘ಷೋ-ಥ್ರೂ’, ಶಾಯಿಯೇ ಕಾಗದವನ್ನು ದಾಟಿ ಈಚೆಗೆ ಇಳಿದಿದ್ದರೆ ‘ಬ್ಲೀಡ್-ಥ್ರೂ’. ಮೊದಲನೆಯದಾದರೆ ಹಾಳೆಯ ಕೆಳಗೆ ಕಪ್ಪು ಕಾಗದವಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಬಹಳಷ್ಟು ಕಡಿಮೆಯಾಗುತ್ತದೆ.