ಪದಚರ್ಚೆ: ‘ಬೋಗಿ’ ಮೇಲೇರಿ ಕೂತಿತು, ಕೆಳಗಿನದಕ್ಕೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ರೈಲು ಡಬ್ಬಿಯ ಅಡಿಯಲ್ಲಿ, ಎರಡೂ ತುದಿಗೆ ಒಂದೊಂದರಂತೆ, ನಾಲ್ಕೋ ಆರೋ ಗಾಲಿಗಳನ್ನು ಹಿಡಿದುಕೊಂಡು ತಿರುವು ಬಂದಾಗ ತಾನೇ ಹೊರಳಿಕೊಳ್ಳುವ ಕಬ್ಬಿಣದ ಚೌಕಟ್ಟು ಇರುತ್ತದಲ್ಲ, ಅದನ್ನು ಕನ್ನಡದಲ್ಲಿ ಏನೆಂದು ಕರೆಯುತ್ತೀರಿ? ಇಂಗ್ಲಿಷಿನಲ್ಲಿ ಅದರ ಹೆಸರು ಬೋಗಿ. ತೊಡಕು ಅಲ್ಲೇ ಇದೆ. ಕನ್ನಡದಲ್ಲಿ ಬೋಗಿ ಎಂದರೆ ಇಡೀ ಡಬ್ಬಿ.

ಇದು ನನಗೇಕೆ ಬೇಕಾಯಿತೆಂದು ಹೇಳುತ್ತೇನೆ. ಕೆಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಹವ್ಯಾಸಿಗಳು ತಾವೇ ಕಟ್ಟಿ ಓಡಿಸುವ ಸಣ್ಣ ರೈಲುಗಳಿವೆ. ಮೇಜಿನ ಮೇಲೆ ಗಿರಕಿ ಹೊಡೆಯುವಂಥವಲ್ಲ, ದೊಡ್ಡವರೂ ಕೂತು ಹೋಗುವಂಥವು. ಹಳಿಯಿಂದ ಹಳಿಗೆ ಏಳೂವರೆ ಇಂಚು, ಅಷ್ಟೇ. ಎಂಜಿನ್ನುಗಳಲ್ಲಿ ಹಲವು ನಿಜವಾಗಿಯೂ ನೀರು ಕಾಯಿಸಿ ಹಬೆಯಿಂದ ಓಡುತ್ತವೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಇಂಥದೊಂದು ಸಂಘ 1956ರಿಂದ ಇದೆ. ಆರೆಗಾನ್ ರಾಜ್ಯದ ಚಿಲೊಕ್ವಿನ್ ಬಳಿಯ ಟ್ರೇನ್ ಮೌಂಟನ್ ಎಂಬಲ್ಲಿ ಪೈನ್ ಕಾಡಿನೊಳಗೆ ಈ ಅಗಲದ ಹಳಿಯನ್ನು ಮೂವತ್ತು ಮೈಲಿಗೂ ಮಿಕ್ಕಿ ಹಾಸಿದ್ದಾರೆ. ವಾಲ್ಟ್ ಡಿಸ್ನಿ ತನ್ನ ಮನೆಯ ಹಿತ್ತಲಲ್ಲಿ 1950ರಿಂದ 1953ರವರೆಗೆ ಓಡಿಸಿದ್ದೂ ಹೆಚ್ಚುಕಡಿಮೆ ಇದೇ ಬಗೆಯ ರೈಲು. ಅವನದು ಏಳೂಕಾಲು ಇಂಚಿನ ಹಳಿ. ಗಾರ್ಡಿನ ಡಬ್ಬಿಯ ಮರಗೆಲಸವನ್ನು ಅವನು ತನ್ನ ಕೈಯಾರೆ ಮಾಡಿದ್ದ.

ನಾನು ಕಟ್ಟುತ್ತಿರುವುದು ಪ್ರಯಾಣಿಕರ ಡಬ್ಬಿ. 1920ರ ದಶಕದಲ್ಲಿ ಅಮೆರಿಕದ ಹಳಿಗಳ ಮೇಲೆ ಓಡುತ್ತಿದ್ದ ಎಂಬತ್ತಡಿಯ ಭಾರಿ ಉಕ್ಕಿನ ಡಬ್ಬಿಯ ಎಂಟನೇ ಒಂದು ಅಳತೆಯ ಪ್ರತಿ. ಮೈಯನ್ನು ಇಲ್ಲಿ ಪ್ಲೈವುಡ್ಡಿನಲ್ಲಿ ಕಟ್ಟುತ್ತೇನೆ. ಕಿಟಕಿಯ ಚೌಕಟ್ಟು, ಬಾಗಿಲು, ಒಳಗಿನ ಆಸನಗಳನ್ನು ಸಾಗರದಲ್ಲಿರುವ ನನ್ನ ಅಣ್ಣ ತೇಗದಲ್ಲಿ ಮಾಡಿ, ಊರಿಂದ ಬರುವವರ ಕೈಯಲ್ಲಿ ಕಳಿಸುತ್ತಾನೆ. ಅವನು ಬಡಗಿ. ಇಂಗ್ಲಿಷ್ ಓದುವವನಲ್ಲ. ಹಾಗಾಗಿ ನಕ್ಷೆಯ ಪ್ರತಿಯೊಂದು ಭಾಗಕ್ಕೂ ನಾನು ಕನ್ನಡದಲ್ಲಿ ಹೆಸರು ಬರೆಯಲೇಬೇಕು.

ಕಳೆದ ಚಳಿಗಾಲದಲ್ಲಿ ನಾನು ಕಳಿಸಿದ ಹಾಳೆಯಲ್ಲಿ ಹೀಗೆ ಬರೆದಿದ್ದೆ: ‘ಬೋಗಿ 2, ಒಂದೊಂದಕ್ಕೆ 6 ಗಾಲಿ, ಇಲ್ಲೇ ಕೊಳ್ಳುತ್ತೇನೆ.’ ಗಾಲಿಗಳನ್ನು ತಮ್ಮ ಅಲ್ಲೇ ಕೊಳ್ಳುತ್ತಾನೆ, ಡಬ್ಬಿ ಎರಡು ಎಂದು ಅಣ್ಣ ತಿಳಿದುಕೊಂಡ. ಎರಡು ವಾರ ಬಿಟ್ಟು ಫೋನು ಮಾಡಿ, “ಎರಡು ಬೋಗಿದೂ ಕಿಟಕಿ ಪಟ್ಟಿ ಸೀಳಿ ಇಟ್ಟಾಯ್ತು ಮಾರಾಯ, ಎರಡನೇದಕ್ಕೂ ಇದೇ ಅಳತೆ ಅಲ್ದಾ?” ಎಂದ. ಬೇಕಾದ್ದಕ್ಕಿಂತ ಎರಡರಷ್ಟು ತೇಗ. ಎಂಟು ನೂಲು, ಅಂದರೆ ಒಂದಿಂಚು, ಅಗಲದ ಪಟ್ಟಿಗಳು, ಒಂದೊಂದನ್ನೂ ಉಜ್ಜಿ ನುಣುಪು ಮಾಡಿದವು. ಅವನು ಬೇಸರ ತೋರಿಸಲಿಲ್ಲ. ನನಗೆ ಮಾತ್ರ ಬಹಳ ನೋವಾಯಿತು. ತಪ್ಪು ಅವನದಲ್ಲ, ನಾನು ಬರೆದ ಪದದ್ದು.

ಆಮೇಲೆ ಈ ಪದದ ಬೆನ್ನು ಹತ್ತಿದೆ. ಇಂಗ್ಲಿಷಿಗೆ ಇದು ಬಂದದ್ದು ಉತ್ತರ ಇಂಗ್ಲೆಂಡಿನ ಆಡುಮಾತಿನಿಂದ. ಅಲ್ಲಿ ಸಣ್ಣ, ತಗ್ಗು ಗಾಡಿಗೆ ಈ ಹೆಸರಿತ್ತು. ಮೊದಮೊದಲ ರೈಲು ಡಬ್ಬಿಗಳಿಗೆ ಅಚ್ಚುಗಳು ಮೈಗೇ ಸೇರಿಕೊಂಡಿದ್ದವು, ನಮ್ಮ ಎತ್ತಿನ ಬಂಡಿಯ ಇರುಸಿನಂತೆ. ಡಬ್ಬಿ ಉದ್ದವಾದ ಹಾಗೆ ತಿರುವಿನಲ್ಲಿ ಗಾಲಿಗಳು ಹಳಿಗೆ ಅಡ್ಡಬಿದ್ದು ಉಜ್ಜತೊಡಗಿದವು. ಆಗ ಎರಡು ತುದಿಗೂ ತಿರುಗುವ ಗಾಡಿ ಕೊಟ್ಟು, ಅವುಗಳ ಮೇಲೆ ಡಬ್ಬಿಯನ್ನು ಕೂರಿಸಿದರು. ಅಂಥ ಉದ್ದನೆಯ ಡಬ್ಬಿಯ ಹೆಸರು ‘ಬೋಗಿ ಕ್ಯಾರೇಜ್’. ಅದು ನಮ್ಮವರ ಬಾಯಲ್ಲಿ ಸವೆದು ಬಾಲ ಉದುರಿ ‘ಬೋಗಿ’ಯಾಗಿ ಉಳಿಯಿತು ಎಂದು ನನ್ನ ತರ್ಕ. ಕನ್ನಡ ಒಂದೇ ಅಲ್ಲ, ಹಿಂದಿ, ತೆಲುಗು, ಮಲಯಾಳಗಳಲ್ಲೂ ಬೋಗಿ ಎಂದರೆ ಡಬ್ಬಿಯೇ. (ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೂ ಇದಕ್ಕೂ ನಂಟಿಲ್ಲ. ಮಹಾಪ್ರಾಣ ಹಾಕಿ ಬರೆಯುವವರನ್ನು ನೋಡಿದ್ದೇನೆ, ಹಾಗಾಗಿ ಹೇಳಿದೆ.)

ಹೀಗೆ ಕೆಳಗಿದ್ದ ಹೆಸರು ಮೇಲೇರಿ ಡಬ್ಬಿಯನ್ನೇ ಹಿಡಿದುಕೊಂಡಿತು. ಅದನ್ನು ಈಗ ಇಳಿಸಲಾಗದು, ಇಳಿಸಬೇಕಾಗಿಯೂ ಇಲ್ಲ. ‘ಎಸ್ ನಾಲ್ಕನೇ ಬೋಗಿ ಎಲ್ಲಿ ನಿಲ್ಲುತ್ತೆ?’ ಎಂದು ಕೇಳುವವರು ಸರಿಯಾದ ಕನ್ನಡವನ್ನೇ ಆಡುತ್ತಿದ್ದಾರೆ. ಉಳಿದಿರುವುದು ಕೆಳಗಿನ ಬಡಪಾಯಿಯ ಪ್ರಶ್ನೆ.

ಅಮೆರಿಕದವರ ಪದವನ್ನೇ ತರೋಣವೆಂದರೆ ಅದು ‘ಟ್ರಕ್’. ನಮ್ಮಲ್ಲಿ ಟ್ರಕ್ ಎಂದರೆ ಲಾರಿ. ನಮ್ಮ ರೈಲ್ವೆಯ ಒಳಗಿನವರು ‘ಟ್ರಾಲಿ’ ಎನ್ನುತ್ತಾರೆ. ಡಬ್ಬಿಯ ಮುಂದಿನ ಟ್ರಾಲಿ ಹಳಿ ತಪ್ಪಿತು, ಹಿಂದಿನದು ಉಳಿಯಿತು ಎಂಬಂಥ ಮಾತು ಅವರಲ್ಲಿ ಬಳಕೆಯಲ್ಲಿದೆ. ಹೊರಗಿನವರಿಗೆ ಟ್ರಾಲಿ ಎಂದರೆ ಟ್ರ್ಯಾಕ್ಟರಿನ ಹಿಂದಿನದು, ಇಲ್ಲವೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತಳ್ಳುವಂಥದು. ನಾನಿರುವ ಊರಿನಲ್ಲಂತೂ ಟ್ರಾಲಿ ಎಂದರೆ ಬೀದಿಯ ಟ್ರಾಮು. ಒಂದೇ ವಸ್ತುವಿಗೆ ಮೂರು ಹೆಸರು, ಮೂರೂ ಕನ್ನಡದ ಕಿವಿಯಲ್ಲಿ ಬೇರೆ ಬೇರೆ ವಸ್ತುಗಳಾಗಿಬಿಟ್ಟಿವೆ.

ಹಾಗಾದರೆ ಬಂಡಿಯ ಕಸುಬಿನಲ್ಲಿ ಏನಾದರೂ ಸಿಗುತ್ತದೆಯೇ? ಅಲ್ಲಿ ಇರುಸು ಇದೆ, ಗಾಲಿ ಉದುರದಂತೆ ತಡೆಯುವ ಕಡಾಣಿ ಇದೆ, ಕೀಲೆಣ್ಣೆ ಇದೆ, ನೊಗ, ಮೂಕಿ ಎಲ್ಲ ಇವೆ. ಆದರೆ ಎರಡು ಗಾಲಿಯ ಬಂಡಿ ಎತ್ತುಗಳ ಹಿಂದೆ ಇಡಿಯಾಗಿ ತಿರುಗುತ್ತದೆ, ಅದಕ್ಕೆ ಬೋಗಿಯ ಹಂಗಿಲ್ಲ. ನಾಲ್ಕು ಗಾಲಿಯ ತೇರಿಗೆ ಬೇಕಾಗಿತ್ತು, ಆದರೆ ಅದಕ್ಕೂ ಅಚ್ಚು ಮೈಗೇ ಬಿಗಿದದ್ದು. ರಥಬೀದಿಯ ಮೂಲೆಯಲ್ಲಿ ಗಾಲಿಗೆ ಮರದ ಕೊರಡು ಒಡ್ಡಿ, ನೂರಾರು ಜನ ಹಗ್ಗ ಜಗ್ಗಿ, ತೇರನ್ನು ಒದ್ದಾಡಿಸಿಯೇ ತಿರುಗಿಸಬೇಕು. ವಸ್ತುವೇ ಇಲ್ಲದ ಕಡೆ ಪದ ಎಲ್ಲಿಂದ ಬರಬೇಕು?

ನಾನು ‘ಗಾಲಿಚೌಕಟ್ಟು’ ಎಂದು ಬರೆದು ನೋಡಿದೆ. ಅರ್ಥಕ್ಕೆ ಕೊರತೆಯಿಲ್ಲ, ಆದರೆ ಚೌಕಟ್ಟು ಎಂದೊಡನೆ ಬಾಗಿಲಿನದೋ ಪಟದ್ದೋ ನೆನಪಾಗುತ್ತದೆ. ಅಲುಗಾಡದ್ದು. ಇದು ಅಲುಗಾಡಲೆಂದೇ ಇರುವುದು. ಮೈಯ ನಡುಗೀಲಿನ ಮೇಲೆ ಅತ್ತಿತ್ತ ಹೊರಳಬೇಕು. ಅಷ್ಟೇ ಅಲ್ಲ, ನಮ್ಮ ಸಣ್ಣ ರೈಲುಗಳಲ್ಲಿ ಎರಡರ ಪೈಕಿ ಒಂದನ್ನು ಪಕ್ಕಕ್ಕೆ ವಾಲದಂತೆ ಬಿಗಿ ಮಾಡಿ, ಇನ್ನೊಂದನ್ನು ವಾಲಲು ಸಡಿಲ ಬಿಡುತ್ತಾರೆ. ಆಗ ಡಬ್ಬಿಯ ಭಾರ ಮೂರೇ ಕಡೆ ಕೂರುತ್ತದೆ, ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕೂತಂತೆ. ನೆಲ ಸ್ವಲ್ಪ ಓರೆಯಾದರೂ ಪಾತ್ರೆ ಕುಣಿಯುವುದಿಲ್ಲ. ಹುಲ್ಲಿನ ನಡುವೆ ಹಾಸಿದ ಹಳಿ ಎಲ್ಲೋ ಒಂದೆರಡು ನೂಲು ತಗ್ಗಿದ್ದರೂ ಆ ಕಡೆಯ ಗಾಲಿ ಹಳಿ ಬಿಟ್ಟು ಮೇಲೇಳುವುದಿಲ್ಲ. ಇದನ್ನು ಒಲೆಯ ಹೋಲಿಕೆಯಲ್ಲಿ ಹೇಳಿದ ಕೂಡಲೇ ಅಣ್ಣನಿಗೆ ಹೊಳೆಯಿತು. ಅವನ ಬಾಯಿಂದ ಬಂದ ಪದ: “ಹಂಗಾದ್ರೆ ಅದು ಅಡಿಗಾಡಿ.”

ಅಡಿಗಾಡಿ. ನನಗೆ ಬಹಳ ಹಿಡಿಸಿದೆ. ಅದು ನಿಜಕ್ಕೂ ಒಂದು ಗಾಡಿಯೇ, ತನ್ನಷ್ಟಕ್ಕೆ ಹಳಿಯ ಮೇಲೆ ಓಡಬಲ್ಲದು. ಡಬ್ಬಿ ಅದರ ಮೇಲೆ ಹೊರೆಯಾಗಿ ಕೂತಿದೆ, ಅಷ್ಟೇ. ಅಡಿಪಾಯ, ಅಡಿಗಲ್ಲುಗಳ ಸಾಲಿನಲ್ಲಿ ಸಹಜವಾಗಿ ನಿಲ್ಲುತ್ತದೆ. ಅಳುಕು ಒಂದೇ. ಅಡಿ ಅಳತೆಯೂ ಹೌದು. ‘ಹತ್ತಡಿ ಡಬ್ಬಿಗೆ ಎರಡು ಅಡಿಗಾಡಿ’ ಎಂದು ಬರೆದರೆ ಎರಡಡಿ ಉದ್ದದ ಗಾಡಿ ಎಂದು ಓದಿಕೊಳ್ಳುವ ಅಪಾಯವಿಲ್ಲವೇ? ಒಮ್ಮೆ ಪೆಟ್ಟು ತಿಂದವನು ನಾನು. ‘ತಳಗಾಡಿ’ ಎಂದರೆ ಆ ಗೊಂದಲ ತಪ್ಪುತ್ತದೆ, ಆದರೆ ಅಣ್ಣನ ಪದದ ಸರಾಗ ಅದಕ್ಕಿಲ್ಲ. ನಿಮ್ಮ ಅಭಿಪ್ರಾಯ ಬೇಕು. ರೈಲ್ವೆ ವರ್ಕ್‌ಶಾಪುಗಳಲ್ಲಿ ದುಡಿದ ಕನ್ನಡಿಗರು ಬಳಗದಲ್ಲಿದ್ದರೆ, ನಿಮ್ಮ ನಡುವೆ ಬೇರೆ ಪದ ಓಡಾಡುತ್ತಿತ್ತೇ ಎಂಬುದನ್ನು ದಯವಿಟ್ಟು ತಿಳಿಸಿ.

ಎರಡನೆಯದು ಅಳತೆಯ ಮಾತು, ಇದರಲ್ಲಿ ನನಗೆ ಸಿಕ್ಕಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆಯೂ ಇದೆ. ಮೇಲೆ ‘ನೂಲು’ ಎಂದೆನಲ್ಲ, ನಮ್ಮ ಮನೆಯ ಬಡಗಿಗಳು ಇಂಚಿನ ಎಂಟನೇ ಒಂದು ಪಾಲಿಗೆ ಹಾಗನ್ನುತ್ತಾರೆ. ಎಂಟು ನೂಲಿಗೆ ಒಂದಿಂಚು. ನಾನು ಕಟ್ಟುತ್ತಿರುವುದು ಎಂಟನೇ ಒಂದು ಅಳತೆಯಲ್ಲಿ. ಅಂದರೆ ದೊಡ್ಡ ಡಬ್ಬಿಯ ಒಂದಿಂಚು ನಮ್ಮ ಡಬ್ಬಿಯಲ್ಲಿ ಸರಿಯಾಗಿ ಒಂದು ನೂಲು! ಮೊದಲು ನಾನು ಪ್ರತಿಯೊಂದನ್ನೂ ಭಾಗಿಸಿ, ಮೂರೂಮುಕ್ಕಾಲು ಇಂಚು, ನಾಲ್ಕೂವರೆ ಇಂಚು ಎಂದು ಬರೆದು ಕಳಿಸುತ್ತಿದ್ದೆ. ಈಗ ಹಳೆಯ ನಕ್ಷೆಯ ಅಂಕಿಯನ್ನು ಹಾಗೇ ಬರೆದು ‘ನೂಲು’ ಸೇರಿಸುತ್ತೇನೆ. ಮೂವತ್ತಿಂಚಿನ ಬಾಗಿಲು ಮೂವತ್ತು ನೂಲು. ಮೂವತ್ತಾರು ಇಂಚಿನ ಗಾಲಿ ಮೂವತ್ತಾರು ನೂಲು. ಹತ್ತಡಿ ಅಗಲದ ಮೈ ನೂರಿಪ್ಪತ್ತು ನೂಲು, ಅಂದರೆ ಹದಿನೈದು ಇಂಚು. ಭಾಗಾಕಾರವೇ ಬೇಡ. ಅಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನೇರ ಮರದ ಮೇಲೆ ಗುರುತು ಹಾಕುತ್ತಾನೆ.

ಹಳಿಯ ಲೆಕ್ಕವನ್ನೂ ಇದರಲ್ಲೇ ನೋಡಿ. ಅಮೆರಿಕದ ದೊಡ್ಡ ಹಳಿಯ ಅಗಲ ನಾಲ್ಕಡಿ ಎಂಟೂವರೆ ಇಂಚು, ಅಂದರೆ ಐವತ್ತಾರೂವರೆ ಇಂಚು. ನಮಗೆ ಐವತ್ತಾರೂವರೆ ನೂಲು ಬರಬೇಕಿತ್ತು, ಏಳಿಂಚಿನ ಮೇಲೆ ಅರೆ ನೂಲು. ಆದರೆ ಈ ದೇಶದ ಹೆಚ್ಚಿನ ಕಡೆ ಹಾಸಿರುವುದು ಅರವತ್ತು ನೂಲು, ಈಶಾನ್ಯದ ರಾಜ್ಯಗಳಲ್ಲಿ ಐವತ್ತೆಂಟು. ಆ ಮೂರೂವರೆ ನೂಲಿನ ಹೆಚ್ಚಳದಿಂದ ಅಡಿಗಾಡಿ ಡಬ್ಬಿಯ ಕೆಳಗೆ ಕೂದಲೆಳೆಯಷ್ಟು ಅಗಲವಾಗಿ ಕಾಣುತ್ತದೆ. ಬಲ್ಲವರ ಕಣ್ಣಿಗೆ ಮಾತ್ರ.

ಹಾಗಾಗಿ ಈ ಎಂಟರ ಲೆಕ್ಕಕ್ಕೆ ‘ನೂಲಳತೆ’ ಎಂಬ ಹೆಸರಿಟ್ಟುಕೊಂಡಿದ್ದೇನೆ. ಅಣ್ಣ ಇದನ್ನೇ ‘ಎರಡಾಣೆ ಲೆಕ್ಕ’ ಎನ್ನುತ್ತಾನೆ, ಹದಿನಾರಾಣೆಗೆ ಎರಡಾಣೆ ಎಂಟನೇ ಒಂದು ಪಾಲು ತಾನೆ. ಆದರೆ ಇವೆರಡೂ ಎಂಟಕ್ಕೆ ಮಾತ್ರ ಸಲ್ಲುತ್ತವೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿರುವ ಮಹಾರಾಣಿಯ ಸಲೂನ್ ಡಬ್ಬಿಯನ್ನು ಒಂದು ದಿನ ಕಟ್ಟಬೇಕೆಂಬುದು ನನ್ನ ಬಯಕೆ. ಮೀಟರ್ ಗೇಜಿನ ಡಬ್ಬಿಯನ್ನು ಏಳೂವರೆ ಇಂಚಿನ ಹಳಿಗೆ ಹೊಂದಿಸಿದರೆ ಐದೂಕಾಲರಲ್ಲಿ ಒಂದು ಬರುತ್ತದೆ, ಅಲ್ಲಿ ನೂಲು ಕೆಲಸಕ್ಕೆ ಬಾರದು. ಎಷ್ಟರಲ್ಲಿ ಒಂದು ಎಂಬುದಕ್ಕೇ ಒಂದು ಹೆಸರು ಬೇಕು. ‘ಪ್ರಮಾಣ’ ಎಂದರೆ ಶಪಥ ಮಾಡಿದಂತೆಯೂ ಆಗುತ್ತದೆ, ‘ಸ್ಕೇಲು’ ಎಂದರೆ ಅಣ್ಣ ಅಳೆಯುವ ಪಟ್ಟಿಯನ್ನು ಎತ್ತಿಕೊಳ್ಳುತ್ತಾನೆ. ‘ಇಳಿಯಳತೆ’ ಎಂದರೆ ಹೇಗೆ? ಹಾಗೆಯೇ, ನೂಲಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಹುಬ್ಬಳ್ಳಿ ಕಡೆಯವರೊಬ್ಬರು ‘ಸೂತು’ ಎಂದದ್ದು ನೆನಪು.

ಇನ್ನು ‘ಪ್ರಯಾಣಿಕರ ಡಬ್ಬಿ’ ಎಂಬುದರ ಒಳಗೇ ಒಂದು ಗಂಟಿದೆ. ಅಣ್ಣ ಮಾಡುವ ಪುಟ್ಟ ಆಸನಗಳ ಮೇಲೆ ಯಾರೂ ಕೂರುವುದಿಲ್ಲ. ನಿಜವಾದ ಪ್ರಯಾಣಿಕರು ಕೂರುವುದು ಬೇರೆ ಕಡೆ: ಗಾಲಿಗಳ ಮೇಲೆ ಉದ್ದನೆಯ ಒಂದು ತಗ್ಗು ಬೆಂಚು, ಕುದುರೆ ಏರಿದಂತೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುವುದು. ನೂಲಳತೆಯ ಡಬ್ಬಿ ಹದಿನೈದು ಇಂಚು ಅಗಲ, ಇಪ್ಪತ್ತು ಇಪ್ಪತ್ತೊಂದು ಇಂಚು ಎತ್ತರ. ಅದರ ಮಾಡಿನ ಮೇಲೆ ದೊಡ್ಡವರನ್ನು ಕೂರಿಸಿದರೆ ತಲೆಭಾರವಾಗಿ ವಾಲುತ್ತದೆ. ಹಾಗಾಗಿ ಜನರನ್ನು ಹೊರುವ ಬೆಂಚನ್ನು ‘ಗಾಲಿಮಣೆ’ ಎಂದೂ, ನೋಡಲು ಚೆಂದವಾದ ಪ್ರತಿಯನ್ನು ‘ಡಬ್ಬಿ’ ಎಂದೂ ಬೇರ್ಪಡಿಸಿದ್ದೇನೆ. ಮಣೆ ಎಂದರೆ ತಗ್ಗು, ಮಣೆ ಎಂದರೆ ಕೂರುವ ಜಾಗ. ಗಾಲಿಮಣೆ ಸರಿ ಎಂದೇ ನನ್ನ ಮನಸ್ಸು ಹೇಳುತ್ತದೆ. ಇಡೀ ವ್ಯವಸ್ಥೆಗೆ ‘ಪುಟಾಣಿ ರೈಲು’ ಎನ್ನಲು ಮಾತ್ರ ಒಪ್ಪಿಗೆಯಿಲ್ಲ. ಅದು ಉದ್ಯಾನಗಳಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ರೈಲಿಗೆ ಆಗಲೇ ಸಂದ ಹೆಸರು. ‘ಸವಾರಿ ರೈಲು’ ಎನ್ನುತ್ತಿದ್ದೇನೆ.

ಸುಲಭವಾಗಿ ದಕ್ಕಿದವೂ ಇವೆ. ಎರಡು ಡಬ್ಬಿಗಳ ನಡುವಿನ ಮಡಿಕೆ ಮಡಿಕೆಯ ಹಾದಿಗೂಡಿಗೆ ‘ತಿದಿ’. ಕಮ್ಮಾರನ ತಿದಿಯಂತೆಯೇ ಅದು ಹಿಗ್ಗಿ ಕುಗ್ಗುತ್ತದೆ, ಬೇರೆ ಪದ ಹುಡುಕುವ ಅಗತ್ಯವೇ ಬೀಳಲಿಲ್ಲ. ಮಾಡಿನ ನಡುವೆ ಎತ್ತರಿಸಿ ಸಾಲು ಗಾಜು ಕೂರಿಸಿದ ಭಾಗಕ್ಕೆ ‘ಬೆಳಕಿಂಡಿ ಮಾಡು’. ಡಬ್ಬಿಯಿಂದ ಡಬ್ಬಿಗೆ ಹಾಕುವ, 1873ರಲ್ಲಿ ಅಮೆರಿಕದ ಇಲೈ ಜಾನಿ ಹಕ್ಕುಪತ್ರ (ಪೇಟೆಂಟ್) ಪಡೆದ ಬಗೆಯ ಕೊಂಡಿಗೆ ‘ಗೆಣ್ಣುಕೊಂಡಿ’. ಎರಡೂ ಕೈಯ ಬೆರಳುಗಳನ್ನು ಗೆಣ್ಣಿನಲ್ಲಿ ಮಡಿಸಿ ಒಂದಕ್ಕೊಂದು ಸಿಕ್ಕಿಸಿ ಜಗ್ಗಿ ನೋಡಿ, ಕೊಂಡಿ ಹೇಗೆ ಹಿಡಿಯುತ್ತದೆಂದು ಗೊತ್ತಾಗುತ್ತದೆ. ಇವಕ್ಕೆ ಯಾರದಾದರೂ ತಕರಾರಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ.

ಅಣ್ಣನಿಗೆ ಮುಂದಿನ ಹಾಳೆಗಳನ್ನು ಈ ತಿಂಗಳ ಕೊನೆಗೆ ಕಳಿಸಬೇಕು, ಊರಿಗೆ ಹೊರಟವರೊಬ್ಬರು ಒಯ್ಯಲು ಒಪ್ಪಿದ್ದಾರೆ. ಆರು ಗಾಲಿಯ ಆ ಎರಡು ಜೋಡಣೆಗಳೂ ಮೊನ್ನೆ ಬಂದಿಳಿದವು, ಒಂದೊಂದನ್ನು ಎತ್ತಲು ಇಬ್ಬರು ಬೇಕು. ಪೆಟ್ಟಿಗೆಯ ಮೇಲೆ ಸದ್ಯಕ್ಕೆ ಪೆನ್ಸಿಲಿನಲ್ಲಿ ‘ಅಡಿಗಾಡಿ, ಮುಂದಿನದು’, ‘ಅಡಿಗಾಡಿ, ಹಿಂದಿನದು’ ಎಂದು ಬರೆದಿಟ್ಟಿದ್ದೇನೆ. ಹಾಳೆಯ ಮೇಲೆ ಶಾಯಿಯಲ್ಲಿ ಬರೆಯುವ ಮೊದಲು ನಿಮ್ಮ ಉತ್ತರಕ್ಕೆ ಕಾಯುತ್ತೇನೆ.