ಚಿಕ್ಕಮಗಳೂರಿನ ಹಳೆಯ ಶಾಲಾ ಕಟ್ಟಡವನ್ನು ಉಳಿಸಿಕೊಳ್ಳಲು ನಾವೇನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಚಿಕ್ಕಮಗಳೂರಿನ ನಮ್ಮ ಬಡಾವಣೆಯಲ್ಲಿ ಮೈಸೂರು ಸಂಸ್ಥಾನದ ಕಾಲದ, ಹಂಚಿನ ಮಾಡಿನ ಸರ್ಕಾರಿ ಶಾಲೆಯೊಂದಿದೆ. ಅದು ಶಿಥಿಲವಾಗಿದೆಯೆಂದು ಕೆಡವುವ ಸಿದ್ಧತೆ ನಡೆದಿದೆ. ಗೋಡೆಗಳು ಗಟ್ಟಿಯಾಗಿಯೇ ಇವೆ, ಮಾಡು ಮಾತ್ರ ಸೋರುತ್ತದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸಹಿ ಸಂಗ್ರಹಿಸಿ ಮನವಿ ಸಲ್ಲಿಸಬೇಕೆಂದಿದ್ದೇವೆ. ಅಷ್ಟು ಸಾಕೇ? ನೂರು ವರ್ಷ ದಾಟಿದ ಕಟ್ಟಡವನ್ನು ಕಾನೂನೇ ಕಾಯುತ್ತದೆಯಲ್ಲವೇ?

ಉತ್ತರ (ಸಂರಕ್ಷಣಾ ವಾಸ್ತುಶಿಲ್ಪಿ): ನಮಸ್ಕಾರ. ವಯಸ್ಸಾದ ಮಾತ್ರಕ್ಕೆ ಕಾನೂನಿನ ರಕ್ಷಣೆ ತಾನಾಗಿಯೇ ದೊರೆಯುವುದಿಲ್ಲ. ಕೇಂದ್ರದ 1958ರ ಕಾಯ್ದೆಯಡಿ ಅಥವಾ ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅದು ಸಂರಕ್ಷಿತ ಸ್ಮಾರಕವೆಂದು ಅಧಿಸೂಚನೆ ಹೊರಟಿರಬೇಕು. ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳ ಸುತ್ತ ಹೊಸ ನಿರ್ಮಾಣಕ್ಕೆ 100 ಮೀಟರ್ ನಿಷೇಧಿತ ಪ್ರದೇಶವೂ ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೂ ಇರುವುದು ಅಂತಹ ಅಧಿಸೂಚನೆಯ ಬಲದಿಂದಲೇ. ನಮ್ಮ ಊರುಗಳ ಶಾಲೆ, ಛತ್ರ, ಕಚೇರಿ, ಬಂಗಲೆಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯವಿಲ್ಲ. ನನಗೆ ಅತ್ಯಂತ ನೋವು ತರುವ ಸಂಗತಿಯೂ ಇದೇ.

ಸಹಿ ಸಂಗ್ರಹ ಬೇಕು, ಆದರೆ ಅದಕ್ಕಿಂತ ಮೊದಲು ಕಟ್ಟಡ ಶಿಥಿಲವಾಗಿದೆಯೆಂಬ ವರದಿಯನ್ನು ಕೈಗೆ ತೆಗೆದುಕೊಳ್ಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ಪರಿಶೀಲಿಸಿದವರು ಯಾರು, ಯಾವ ಪರೀಕ್ಷೆ ನಡೆಸಿದರು, ದುರಸ್ತಿಯ ಅಂದಾಜು ಪಟ್ಟಿ ತಯಾರಿಸಿದ್ದರೇ ಎಂದು ಕೇಳಿ. ಇಂತಹ ಅನೇಕ ವರದಿಗಳು ಬಿರುಕಿನ ಚಿತ್ರಗಳನ್ನು ತೋರಿಸುತ್ತವೆಯೇ ಹೊರತು, ಆ ಬಿರುಕು ಹಿಂದೆಂದೋ ಬಿಟ್ಟು ನಿಂತದ್ದೋ ಅಥವಾ ಈಗಲೂ ಬೆಳೆಯುತ್ತಿದೆಯೋ ಎಂಬುದನ್ನು ಹೇಳುವುದಿಲ್ಲ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ, ದಿನಾಂಕ ಬರೆದಿಟ್ಟು ಕೆಲವು ತಿಂಗಳು ಗಮನಿಸಿದರೆ, ಗಾಜು ಒಡೆಯಿತೇ ಇಲ್ಲವೇ ಎಂಬುದರಿಂದಲೇ ಗೋಡೆಯ ಚಲನೆ ತಿಳಿಯುತ್ತದೆ.

ಮಲೆನಾಡಿನ ಮಳೆಯಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುವುದು ಮಾಡೇ. ಹಂಚು ಒಡೆದು, ಅದನ್ನು ಹೊತ್ತ ಮರದ ಪಟ್ಟಿಯಾದ ರೀಪು ಕೊಳೆತು, ನೀರು ಪಕಾಸಿನ (ಮಾಡಿನ ಇಳಿಜಾರು ಮರದ) ಬುಡದಿಂದ ಗೋಡೆಯ ತಲೆಗೆ ಇಳಿಯುತ್ತದೆ. ಅದರ ಮೇಲೆ ಯಾರಾದರೂ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದಿದ್ದರೆ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಸವೆಯುತ್ತದೆ. ಇವೆರಡೂ ದುರಸ್ತಿಯಾಗುವ ದೋಷಗಳು. ಹಳೆಯ ಗೋಡೆಗಳ ಅನುಭವವಿರುವ ಎಂಜಿನಿಯರರಿಂದ ಪ್ರತ್ಯೇಕ ವರದಿ ಬರೆಸಿ, ಅದರೊಂದಿಗೆ ಜಿಲ್ಲಾಧಿಕಾರಿಗಳಿಗೂ ರಾಜ್ಯ ಪುರಾತತ್ವ ಇಲಾಖೆಗೂ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಕೆಡವುವ ಆದೇಶವೇ ಹೊರಬಿದ್ದರೆ ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ನಿಮ್ಮ ಪರವಾಗಿ ನಿಲ್ಲುವುದೂ ಈ ಕಾಗದಗಳೇ.

ಈ ನಡುವೆ ಮಾಡಿನ ಮೇಲೆ ಟಾರ್ಪಾಲನ್ನಾದರೂ ಹೊದಿಸಲು ಅನುಮತಿ ಕೇಳಿ; ಒಂದು ಮೂಲೆ ಕುಸಿದರೂ ಕೆಡವಲು ಅದೇ ನೆಪವಾದೀತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಬಳಿಕವೇ ಅವುಗಳನ್ನು ಕೆಡವಬೇಕೆಂಬ ವಾದಕ್ಕೆ ಬಲ ಬಂದಿತು.

ಮರುಪ್ರಶ್ನೆ: ವಂದನೆಗಳು ಸರ್. ಕಟ್ಟಡದ ಕಾಲವನ್ನು ತೋರಿಸುವ ದಾಖಲೆ ಶಾಲೆಯಲ್ಲಿ ಸಿಗುತ್ತಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ: ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕುವಾಗ ಚಿಕ್ಕಮಗಳೂರು ಎಂಬ ಹೆಸರಿಗಷ್ಟೇ ನಿಲ್ಲಬೇಡಿ. ಸಂಸ್ಥಾನದ ಕಾಲದಲ್ಲಿ ಇದು ಕಡೂರು ಜಿಲ್ಲೆಯಾಗಿತ್ತು. ಶಿಕ್ಷಣ ಮತ್ತು ಲೋಕೋಪಯೋಗಿ ಕಡತಗಳನ್ನು ಆ ಹೆಸರಿನಲ್ಲಿಯೂ ನೋಡಿ. ಶಾಲೆಯ ಹಳೆಯ ದಾಖಲಾತಿ ಪುಸ್ತಕ, ಹಿರಿಯರ ಮನೆಯಲ್ಲಿರುವ ತರಗತಿಯ ಗುಂಪು ಚಿತ್ರಗಳು ಸಹ ಸಾಕ್ಷ್ಯಗಳೇ. ಮಾಡಿನಿಂದ ಬಿದ್ದ ಹಂಚೊಂದನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ; ಆದ್ದರಿಂದ ಅವರ ಮುದ್ರೆಯಿದ್ದರೆ ಆ ಹಂಚು ಅದಕ್ಕಿಂತ ಹಿಂದಿನದಲ್ಲ ಎನ್ನಬಹುದು. ಆದರೆ ಹಂಚನ್ನು ಆಮೇಲೆಯೂ ಬದಲಾಯಿಸಿರಬಹುದಾದುದರಿಂದ, ಅದೊಂದನ್ನೇ ಆಧಾರವಾಗಿಸಬೇಡಿ. ಮುದ್ರೆಯ ಚಿತ್ರವನ್ನು ಇಲ್ಲಿಯೇ ಹಾಕಿ, ನೋಡಿ ತಿಳಿಸುತ್ತೇನೆ.